ಕೈಪಾಠ ಕೈಕೊಟ್ಟಾಗ

ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳ ಬೆಂಕಿ ಆರಿ, ರಾಗಿ ಕೊಯ್ಲು ಮುಗಿದು, ಕಣದ ಕೆಲಸವೂ ತೀರಿದ ಮೇಲೆ ಹುಣಸೂರಿನ ಸುತ್ತಲ ಹೊಲಗಳು ಒಂದಷ್ಟು ದಿನ ಹುಡುಗರ ಪಾಲಾಗುತ್ತವೆ. ಕೂಳೆ ಸವರಿ, ನಡುವೆ ಒಂದು ಪಟ್ಟಿ ನೆಲಕ್ಕೆ ನೀರು ಹಾಕಿ ಗಟ್ಟಿಮಾಡಿದರೆ ಪಿಚ್ಚು ತಯಾರು. ಒಂದು ಶಾಮಿಯಾನ, ಒಂದು ಮೈಕು, ಮೇಜಿನ ಮೇಲೆ ಎದ್ದು ಕಾಣುವ ಹಾಗೆ ಟ್ರೋಫಿ. ಇಂಥ ಟೆನಿಸ್ ಬಾಲ್ ಟೂರ್ನಮೆಂಟು ಆಡಿದ ಯಾವ ಊರಿನವರನ್ನಾದರೂ ಕೇಳಿ, ಅವರ ಟೀಮಿನಲ್ಲೊಬ್ಬ ಹುಡುಗ ಇದ್ದೇ ಇರುತ್ತಾನೆ. ಸಂಜೆ ಪ್ರಾಕ್ಟೀಸಿನಲ್ಲಿ ಅವನೇ ದೊರೆ. ಯಾರ್ಕರ್ ಅಂದರೆ ಯಾರ್ಕರ್, ಸಿಕ್ಸರ್ ಅಂದರೆ ಸಿಕ್ಸರ್. ಫೈನಲ್ಲಿನ ಕೊನೆಯ ಓವರಿಗೆ ಚೆಂಡು ಕೈಗಿತ್ತರೆ ಮಾತ್ರ ಮೊದಲ ಎಸೆತ ಫುಲ್‌ಟಾಸ್, ಎರಡನೆಯದು ವೈಡ್. ಗೆರೆಯಾಚೆ ಕೂತ ಹಿರಿಯರು ಅಷ್ಟರಲ್ಲೇ ತೀರ್ಪು ಕೊಟ್ಟಿರುತ್ತಾರೆ: "ಎದೆ ಇಲ್ಲ ಕಣ್ಲಾ ಅವ್ನಿಗೆ."

ಎದೆಯೇನೋ ಇದೆ, ಹೊರಗೆ ಕೇಳುವಷ್ಟು ಜೋರಾಗಿ ಹೊಡೆದುಕೊಳ್ಳುತ್ತಲೂ ಇದೆ. ಪ್ರಶ್ನೆ ಬೇರೆ. ನಿನ್ನೆ ಸಂಜೆ ಹತ್ತಕ್ಕೆ ಎಂಟು ಸಲ ಬೀಳುತ್ತಿದ್ದ ಯಾರ್ಕರ್ ಇವತ್ತು ಎಲ್ಲಿ ಹೋಯಿತು? ಒಂದು ರಾತ್ರಿ ಮಲಗಿ ಎದ್ದಷ್ಟಕ್ಕೆ ಯಾರೂ ಕಲಿತದ್ದನ್ನು ಮರೆಯುವುದಿಲ್ಲ. ಭುಜ ಅದೇ, ಬೆರಳು ಅದೇ, ಚೆಂಡೂ ಅದೇ. ಬದಲಾದದ್ದು ಮೇಜಿನ ಮೇಲಿನ ಟ್ರೋಫಿ ಒಂದೇ. ಮಾರು ದೂರದಲ್ಲಿ ಕೂತ ಹಿತ್ತಾಳೆಯ ಕಪ್ಪು ಇವನ ಮಣಿಕಟ್ಟಿಗೆ ಕೈಹಾಕುವುದು ಹೇಗೆ?

ನಾಲ್ಕು ರನ್ನು, ಮೂವತ್ತೆರಡು ರನ್ನು

ಒಗಟು ಹೊಲದ ಕ್ರಿಕೆಟ್ಟಿಗಷ್ಟೇ ಸೇರಿದ್ದಲ್ಲ. ಕರ್ನಾಟಕದ ಆಲ್‌ರೌಂಡರ್ ಸ್ಟುವರ್ಟ್ ಬಿನ್ನಿಯವರನ್ನೇ ತೆಗೆದುಕೊಳ್ಳಿ. 1983ರ ವಿಶ್ವಕಪ್ಪಿನಲ್ಲಿ 18 ವಿಕೆಟ್ ಪಡೆದು ಎಲ್ಲರಿಗಿಂತ ಮುಂದಿದ್ದ ರೋಜರ್ ಬಿನ್ನಿಯವರ ಮಗ. 2014ರ ಜೂನ್ 17ರಂದು ಮೀರ್‌ಪುರದಲ್ಲಿ ಬಾಂಗ್ಲಾದೇಶದ ವಿರುದ್ಧ ಭಾರತ ಬರೀ 105ಕ್ಕೆ ಆಲೌಟ್ ಆಯಿತು. ಸೋಲು ಖಚಿತ ಅಂದುಕೊಂಡು ಟಿ.ವಿ. ಆರಿಸಿದವರು ಮಾರನೇ ದಿನ ಪೇಪರ್ ನೋಡಿ ಕಣ್ಣುಜ್ಜಿಕೊಂಡರು. ಬಾಂಗ್ಲಾ 58ಕ್ಕೆ ಮುಗಿದಿತ್ತು. ಬಿನ್ನಿ 4.4 ಓವರಿನಲ್ಲಿ 4 ರನ್ನು ಕೊಟ್ಟು 6 ವಿಕೆಟ್ ಎತ್ತಿದ್ದರು. ಭಾರತದ ಪರವಾಗಿ 1993ರಿಂದ ಅನಿಲ್ ಕುಂಬ್ಳೆಯವರ ಹೆಸರಿನಲ್ಲಿದ್ದ 12ಕ್ಕೆ 6ರ ದಾಖಲೆ ಅಂದು ಮುರಿಯಿತು. ಒತ್ತಡ ಇರಲಿಲ್ಲವೇ? ಕೈಯಲ್ಲಿ 105 ರನ್ನು ಇಟ್ಟುಕೊಂಡು ಬೌಲ್ ಮಾಡುವುದಕ್ಕಿಂತ ಒತ್ತಡ ಇನ್ನೇನು ಬೇಕು!

ಮರುತಿಂಗಳು ಇಂಗ್ಲೆಂಡಿನ ಟ್ರೆಂಟ್ ಬ್ರಿಜ್‌ನಲ್ಲಿ ಮೊದಲ ಟೆಸ್ಟ್. ಮೊದಲ ಇನ್ನಿಂಗ್ಸಿನಲ್ಲಿ 1 ರನ್ನು. ಪಂದ್ಯ ಜಾರುವ ಭಯವಿದ್ದ ಎರಡನೇ ಇನ್ನಿಂಗ್ಸಿನಲ್ಲಿ 78. ಟೆಸ್ಟ್ ಡ್ರಾ ಆಯಿತು.

ಇನ್ನು 2016ರ ಆಗಸ್ಟ್ 27. ಅಮೆರಿಕದ ಫ್ಲಾರಿಡಾದ ಲಾಡರ್‌ಹಿಲ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಟಿ-20. ಬಿನ್ನಿಗೆ ಸಿಕ್ಕಿದ್ದು ಒಂದೇ ಓವರು. ಎವಿನ್ ಲೂಯಿಸ್ ಅದರಲ್ಲಿ ಐದು ಸಿಕ್ಸರ್ ಬಾರಿಸಿದರು. ಒಂದು ವೈಡ್, ಒಂದು ಸಿಂಗಲ್ ಸೇರಿ 32 ರನ್ನು. ವೆಸ್ಟ್ ಇಂಡೀಸ್ 245. ನಮ್ಮವರೇ ಆದ ಕೆ.ಎಲ್. ರಾಹುಲ್ 51 ಎಸೆತಕ್ಕೆ ಅಜೇಯ 110 ಹೊಡೆದರೂ ಭಾರತ 244ಕ್ಕೆ ನಿಂತಿತು. ಒಂದು ರನ್ನಿನ ಸೋಲು. ಬಿನ್ನಿಗೆ ಬ್ಯಾಟ್ ಹಿಡಿಯುವ ಸರದಿಯೂ ಬರಲಿಲ್ಲ. ಅದೇ ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯವಾಯಿತು.

ಒಬ್ಬನೇ ಮನುಷ್ಯ, ಒಂದೇ ಕೈ. ಇಲ್ಲಿ "ಎದೆ ಇಲ್ಲ" ಅನ್ನುವ ವಿವರಣೆ ಮೊದಲ ಹೆಜ್ಜೆಯಲ್ಲೇ ಎಡವುತ್ತದೆ. ಮೀರ್‌ಪುರದಲ್ಲಿದ್ದ ಎದೆ ಲಾಡರ್‌ಹಿಲ್ಲಿಗೆ ಹೋಗುವ ವಿಮಾನದಲ್ಲಿ ಕಳೆದುಹೋಯಿತೇನು?

ಸೊಪ್ಪು ಪೋಣಿಸುವ ಕೈ

ಉತ್ತರದ ಅರ್ಧ ಭಾಗ ನನಗೆ ಕ್ರಿಕೆಟ್ಟಿನಲ್ಲಲ್ಲ, ಬ್ಯಾರನ್ನಿನ ಮುಂದಿನ ಚಪ್ಪರದಲ್ಲಿ ಸಿಕ್ಕಿತು. ಹೊಲದಿಂದ ಬಂದ ಹಸಿ ಸೊಪ್ಪನ್ನು ಬೇಯಿಸುವ ಮೊದಲು ಉದ್ದನೆಯ ಕಡ್ಡಿಗೆ ದಾರದಲ್ಲಿ ಕಟ್ಟಬೇಕು. ಎರಡು ಮೂರು ಎಲೆ ತೊಟ್ಟು ಸೇರಿಸಿ ಹಿಡಿ, ದಾರ ಸುತ್ತು, ಎಳೆ, ಒಮ್ಮೆ ಕಡ್ಡಿಯ ಈ ಮಗ್ಗುಲಿಗೆ, ಒಮ್ಮೆ ಆ ಮಗ್ಗುಲಿಗೆ. ನಮ್ಮ ದೊಡ್ಡವ್ವ ಇದರಲ್ಲಿ ನಿಸ್ಸೀಮಳು. ಕಣ್ಣು ರಸ್ತೆಯ ಮೇಲೆ, ಬಾಯಲ್ಲಿ ಯಾರದೋ ಮನೆಯ ಮದುವೆಯ ವರದಿ, ಕೈ ಮಾತ್ರ ಹಾವಿನ ಹಾಗೆ ಹರಿಯುತ್ತಿತ್ತು. ರಜೆಯಲ್ಲಿ ಹೋಗಿದ್ದ ನಾನು ಪಕ್ಕ ಕೂತು ಕೇಳಿದೆ: "ಎಂಗ್ ಮಾಡ್ತೀಯ ದೊಡ್ಡವ್ವ? ಒಸಿ ನಿಧಾನಕ್ ತೋರ್ಸು."

ಅವಳು ಕಣ್ಣು ಕೆಳಗಿಳಿಸಿದಳು. ಮೂರು ಎಲೆ ಹಿಡಿದಳು. ದಾರ ಎತ್ತಿದಳು. ನಿಂತಳು. ಎಲೆ ಮೇಲಿಂದಲೋ ಕೆಳಗಿಂದಲೋ? ಬಿಚ್ಚಿದಳು. ಮತ್ತೆ ಹಿಡಿದಳು. ಗಂಟು ಸಡಿಲವಾಗಿ ಎಲೆ ಮಡಿಲಿಗೆ ಜಾರಿತು. "ತಗಿ ಅತ್ಲಾಗೆ! ನೀನ್ ಕೇಳ್ದೆ ಇದ್ದಿದ್ರೆ ಬರ್ತಿತ್ತು" ಎಂದು ರೇಗಿ ನನ್ನನ್ನು ಎಬ್ಬಿಸಿ ಕಳಿಸಿದಳು. ನಾನು ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿದರೆ ಮದುವೆಯ ವರದಿ ಮತ್ತೆ ಶುರುವಾಗಿತ್ತು, ಕೈ ಮತ್ತೆ ಹರಿಯುತ್ತಿತ್ತು.

ಇಸ್ಕೂಲಿನಲ್ಲಿ ನಾವು ಮಗ್ಗಿಯನ್ನು ಬಾಯಿಪಾಠ ಮಾಡಿದೆವು. ಹದಿನೇಳರ ಮಗ್ಗಿಯನ್ನು ಒಂದೇ ಉಸಿರಿನಲ್ಲಿ ಒದರುವ ಹುಡುಗನನ್ನು ನಡುವೆ ತಡೆದು "ಹದಿನೇಳು ಏಳಲ ಎಷ್ಟು?" ಎಂದರೆ ಅವನು ಮೊದಲಿನಿಂದ ಶುರುಮಾಡಬೇಕಾಗುತ್ತಿತ್ತು. ಅದೇ ರೀತಿ ಕೈಗೂ ಒಂದು ಪಾಠವಿದೆ. ಇಂಗ್ಲಿಷಿನಲ್ಲಿ ಅದನ್ನು ಪ್ರೊಸೀಜರಲ್ ಮೆಮರಿ ಎನ್ನುತ್ತಾರೆ. ನಾವು ಕೈಪಾಠ ಎನ್ನೋಣ. ಸೈಕಲ್ ತುಳಿಯುವುದು, ಗದ್ದೆಯ ಬದುವಿನ ಮೇಲೆ ಹೊರೆ ಹೊತ್ತು ನಡೆಯುವುದು, ರೊಟ್ಟಿ ತಟ್ಟುವುದು ಎಲ್ಲ ಕೈಪಾಠ, ಕಾಲುಪಾಠಗಳೇ. ಕಲಿಯುವಾಗ ಪ್ರತಿ ಹೆಜ್ಜೆಗೂ ಮನಸ್ಸು ಕೊಡಬೇಕು. ಸಾವಿರ ಸಲ ಮಾಡಿದ ಮೇಲೆ ಹೆಜ್ಜೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಒಂದೇ ಸರವಾಗುತ್ತವೆ. ಮಿದುಳು ಅದನ್ನು ಆಳದ ಬೇರೆ ಜಾಲಗಳಿಗೆ ವಹಿಸಿಕೊಟ್ಟು ತಾನು ನಿರಾಳವಾಗುತ್ತದೆ.

ಕ್ರಿಕೆಟ್ಟಿನಲ್ಲಿ ಇದು ಅನುಕೂಲದ ಮಾತಲ್ಲ, ಅನಿವಾರ್ಯ. ಗಂಟೆಗೆ 140 ಕಿಲೋಮೀಟರಿನ ಚೆಂಡು ಬೌಲರನ ಕೈಬಿಟ್ಟು ಬ್ಯಾಟಿಗೆ ಬರಲು ತೆಗೆದುಕೊಳ್ಳುವುದು ಸುಮಾರು ಅರ್ಧ ಸೆಕೆಂಡು. ಕಂಡದ್ದಕ್ಕೆ ಮೈ ಪ್ರತಿಕ್ರಿಯಿಸಲು ಅದರಲ್ಲಿ 0.2 ಸೆಕೆಂಡು ಹೋಗುತ್ತದೆ. ಮೈಕೇಲ್ ಲ್ಯಾಂಡ್ ಮತ್ತು ಪೀಟರ್ ಮೆಕ್‌ಲಿಯಾಡ್ ಎಂಬ ವಿಜ್ಞಾನಿಗಳು ಬ್ಯಾಟ್ಸ್‌ಮನ್ನರ ಕಣ್ಣಿನ ಚಲನೆಯನ್ನು ಕ್ಯಾಮೆರಾದಲ್ಲಿ ಹಿಡಿದು 2000ದಲ್ಲಿ ಪ್ರಕಟಿಸಿದರು. ಕಣ್ಣು ಉದ್ದಕ್ಕೂ ಚೆಂಡಿನ ಹಿಂದೆಯೇ ಹೋಗುವುದಿಲ್ಲ. ಕೈಬಿಟ್ಟದ್ದನ್ನು ನೋಡಿ, ಚೆಂಡು ಎಲ್ಲಿ ನೆಲಕ್ಕೆ ಬೀಳುತ್ತದೋ ಆ ಜಾಗಕ್ಕೆ ಮೊದಲೇ ಜಿಗಿದು ಕಾಯುತ್ತದೆ. ಪಳಗಿದ ಆಟಗಾರನ ಕಣ್ಣು ಬೇಗ ಜಿಗಿಯುತ್ತದೆ, ಎಳಸನದು ತಡವಾಗಿ. "ಚೆಂಡಿನ ಮೇಲೇ ಕಣ್ಣಿಡು" ಎಂದು ಕೋಚುಗಳು ಎಷ್ಟು ಕೂಗಿದರೂ ಆಟಗಾರನ ಕಣ್ಣು ಮಾಡುವುದು ಬೇರೆಯದನ್ನೇ. ತಾನು ಹಾಗೆ ಮಾಡುತ್ತಿದ್ದೇನೆಂದು ಅವನಿಗೇ ಗೊತ್ತಿರುವುದಿಲ್ಲ.

ಮೇಸ್ತ್ರಿ ಬಂದ

ಈಗ ಟ್ರೋಫಿಗೆ ಬರೋಣ. ಸಾಮಾನ್ಯ ದಿನ ಕೈಪಾಠ ತನ್ನಷ್ಟಕ್ಕೆ ನಡೆಯುತ್ತದೆ, ಮನಸ್ಸು ಮದುವೆಯ ವರದಿಯಲ್ಲಿರುತ್ತದೆ. ಫೈನಲ್ಲಿನ ದಿನ "ಇದು ತಪ್ಪಬಾರದು" ಅನ್ನುವ ಯೋಚನೆ ಹೊಕ್ಕ ಕೂಡಲೆ ಮನಸ್ಸು ಕೆಲಸದ ಜಾಗಕ್ಕೆ ತಾನೇ ಇಳಿದುಬರುತ್ತದೆ, ಗಾರೆಕೆಲಸ ಬಾರದ ಮೇಸ್ತ್ರಿಯ ಹಾಗೆ. ಮಣಿಕಟ್ಟು ನೆಟ್ಟಗಿದೆಯಾ? ಸೀಮ್ ಎಲ್ಲಿದೆ? ಕಾಲು ಗೆರೆ ದಾಟೀತಾ? ನುರಿತ ಕೆಲಸಗಾರ ಮೂವತ್ತು ವರ್ಷದಿಂದ ಇಟ್ಟಿಗೆ ಇಡುತ್ತಿದ್ದಾನೆ, ಇವನು ಪಕ್ಕ ನಿಂತು ಒಂದೊಂದು ಇಟ್ಟಿಗೆಗೂ ಮಟ್ಟಗೋಲು ಕೇಳುತ್ತಾನೆ. ಸರ ಬಿಚ್ಚಿ ಮಣಿಮಣಿಯಾಗುತ್ತದೆ. ಪ್ರತಿ ಮಣಿಯ ನಡುವೆಯೂ ತಪ್ಪಲು ಒಂದು ಸಂದು. ಇಂಗ್ಲಿಷಿನವರು ಇದಕ್ಕೆ ಚೋಕಿಂಗ್, ಗಂಟಲು ಕಟ್ಟುವುದು, ಎನ್ನುತ್ತಾರೆ. ನನಗೆ ನಮ್ಮ ಮಾತೇ ಹೆಚ್ಚು ನಿಖರ ಅನ್ನಿಸುತ್ತದೆ: ಕೈ ಕೊಟ್ಟಿತು.

ಇದು ಬರೀ ಹೋಲಿಕೆಯಲ್ಲ ಎಂದು ತೋರಿಸಿದ ಪ್ರಯೋಗಗಳಲ್ಲಿ ನನಗೆ ಇಷ್ಟವಾದದ್ದು ರಾಬ್ ಗ್ರೇ ಎಂಬವರು 2004ರಲ್ಲಿ ಪ್ರಕಟಿಸಿದ್ದು. ಬೇಸ್‌ಬಾಲ್ ಆಟಗಾರರನ್ನು ಕೃತಕ ಪರದೆಯ ಮುಂದೆ ನಿಲ್ಲಿಸಿ ಚೆಂಡು ಹೊಡೆಯಲು ಹೇಳಿದರು. ಹೊಡೆಯುವಾಗ ನಡುವೆ ಪೀಪಿಯಂಥ ಸದ್ದು. ಒಂದು ಸರದಿಯಲ್ಲಿ ಸದ್ದು ತಾರವೋ ಮಂದ್ರವೋ ಹೇಳಬೇಕು. ಇನ್ನೊಂದರಲ್ಲಿ, ಸದ್ದಾದ ಕ್ಷಣ ತನ್ನ ಬ್ಯಾಟು ಮೇಲಕ್ಕೆ ಹೋಗುತ್ತಿತ್ತೋ ಕೆಳಕ್ಕೋ ಹೇಳಬೇಕು. ಪಳಗಿದವರಿಗೆ ಸದ್ದಿನ ಪ್ರಶ್ನೆ ಏನೂ ಅನ್ನಿಸಲಿಲ್ಲ. ಬ್ಯಾಟಿನ ಪ್ರಶ್ನೆ ಕೇಳಿದಾಗ ಹೊಡೆತ ಕೆಟ್ಟಿತು. ಹೊಸಬರಲ್ಲಿ ಸರಿಯಾಗಿ ತಿರುಗುಮುರುಗು: ಸದ್ದಿಗೆ ಗಮನ ಕೊಟ್ಟರೆ ಆಟ ಕೆಡುತ್ತಿತ್ತು, ತಮ್ಮ ಬ್ಯಾಟನ್ನೇ ಗಮನಿಸಿದರೆ ಅಷ್ಟೇನೂ ಕೆಡುತ್ತಿರಲಿಲ್ಲ.

ಗ್ರೇ ಅಲ್ಲಿಗೇ ಬಿಡಲಿಲ್ಲ. ಪಳಗಿದವರಿಗೆ ಹಣದ ಆಸೆ ತೋರಿಸಿ, ಜೊತೆಗಾರನ ಇನಾಮೂ ನಿನ್ನ ಮೇಲಿದೆ ಎಂದು ಹೇಳಿ ಒತ್ತಡ ಹಾಕಿದರು. ಹೊಡೆತ ಕೆಟ್ಟಿತು, ಇದು ನಿರೀಕ್ಷಿತ. ಆದರೆ ಬ್ಯಾಟು ಮೇಲೋ ಕೆಳಗೋ ಎಂಬ ಪ್ರಶ್ನೆಗೆ ಅವರ ಉತ್ತರ ಮೊದಲಿಗಿಂತ ಸರಿಯಾಗತೊಡಗಿತು! ತನ್ನ ಕೈ ಏನು ಮಾಡುತ್ತಿದೆಯೆಂದು ಅವರಿಗೆ ಚೆನ್ನಾಗಿ ಗೊತ್ತಾಗುತ್ತಿತ್ತು, ಆ ಕೈಯಿಂದ ಕೆಲಸ ಮಾತ್ರ ಆಗುತ್ತಿರಲಿಲ್ಲ. ಮೇಸ್ತ್ರಿ ಬಂದು ನಿಂತಿದ್ದ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಬೆವರು, ನಡುಕ, ತಣ್ಣಗಾದ ಬೆರಳು ಇವೆಲ್ಲ ಸುಳ್ಳೆಂದಲ್ಲ. ಅಡ್ರಿನಲಿನ್ ಏರಿದಾಗ ರಕ್ತ ದೊಡ್ಡ ಸ್ನಾಯುಗಳ ಕಡೆ ಓಡುತ್ತದೆ. ಓಡುವುದಕ್ಕೆ, ಗುದ್ದುವುದಕ್ಕೆ ಅದು ಒಳ್ಳೆಯದೇ. ಬೆರಳ ತುದಿಯಲ್ಲಿ ಸ್ಲೋ ಬಾಲ್ ಜಾರಿಸಬೇಕಾದವನಿಗೆ ಅಲ್ಲ.

ಕೋತಿಗೂ ಜಾಕ್‌ಪಾಟ್

ಮನುಷ್ಯನಿಗೆ ಮಾನ ಮರ್ಯಾದೆಯ ಚಿಂತೆ, ಮಾರನೇ ದಿನದ ಪೇಪರಿನ ಚಿಂತೆ. ಅದರಿಂದಲೇ ಹೀಗೆ ಅನ್ನಬಹುದು. ಅಮೆರಿಕದ ಪಿಟ್ಸ್‌ಬರ್ಗಿನ ವಿಜ್ಞಾನಿಗಳು ಪೇಪರ್ ಓದದ ಕೋತಿಗಳನ್ನು ಪರೀಕ್ಷಿಸಿದರು. ಬೇಗನೆ, ಗುರಿತಪ್ಪದೆ ಕೈಚಾಚುವ ಕೆಲಸ. ಮಾಡಿದರೆ ಕುಡಿಯಲು ಇನಾಮು. ಇನಾಮು ಚಿಕ್ಕದೋ ದೊಡ್ಡದೋ ಎಂದು ಮೊದಲೇ ಸೂಚನೆ. ಇನಾಮು ದೊಡ್ಡದಾದಷ್ಟೂ ಕೋತಿಗಳು ಚುರುಕಾದವು. ಆದರೆ ಅಪರೂಪಕ್ಕೊಮ್ಮೆ ಭಾರೀ ಜಾಕ್‌ಪಾಟಿನ ಸೂಚನೆ ಬಂದಾಗ, ಅವುಗಳ ತಪ್ಪು ಹೆಚ್ಚಾಯಿತು. ಅತಿ ಜಾಗರೂಕತೆಯಿಂದ ಕೈಚಾಚಿ ಗುರಿಗಿಂತ ಹಿಂದೆಯೇ ಉಳಿಯುತ್ತಿದ್ದವು. 2024ರಲ್ಲಿ ಅದೇ ತಂಡ ಕೋತಿಯ ಮಿದುಳಿನೊಳಗೆ ನೋಡಿತು. ಕೈಯನ್ನು ನಡೆಸುವ ಭಾಗದ ನರಕೋಶಗಳು ಚಲನೆಗೆ ಮುಂಚೆ ಒಂದು ಹದಕ್ಕೆ ಬಂದು ನಿಲ್ಲುತ್ತವೆ, ಓಟಕ್ಕೆ ಮೊದಲು ಎತ್ತು ನೊಗದಡಿ ಸೆಟೆದು ನಿಲ್ಲುವ ಹಾಗೆ. ಇನಾಮು ಏರಿದಂತೆ ಹದ ಚೆನ್ನಾಗುತ್ತ ಹೋಗಿ, ಜಾಕ್‌ಪಾಟಿನಲ್ಲಿ ಮತ್ತೆ ಕೆಟ್ಟಿತ್ತು.

ಬೆಲ್ಲದ ಪಾಕಕ್ಕೂ ಒಂದು ಹದವಿದೆ; ಕಡಿಮೆಯಾದರೆ ನೀರು, ಮಿಕ್ಕರೆ ಕಲ್ಲು. ಹದ ಮೀರಿದ ಒತ್ತಡ ಮಾಡುವುದು ಇಷ್ಟೇ. ಕೋತಿಗೂ ಎದೆ ಇಲ್ಲ ಅನ್ನುವುದಾದರೆ ಅನ್ನಿ.

ಆಲ್‌ರೌಂಡರನ ಪಾಡು

ಮೇಸ್ತ್ರಿ ಎಲ್ಲರ ಹತ್ತಿರವೂ ಬರುತ್ತಾನೆ. ಆಲ್‌ರೌಂಡರನ ಹತ್ತಿರ ಬೇಗ ಬರುತ್ತಾನೆ ಎಂದು ನನ್ನ ಗುಮಾನಿ.

ಒಂದು ಕಾರಣ ಬಿಡುವು. ಬ್ಯಾಟಿಂಗಿನಲ್ಲಿ ಚೆಂಡು ತಾನಾಗಿ ಬರುತ್ತದೆ, ಅರ್ಧ ಸೆಕೆಂಡಿನಲ್ಲಿ ಯೋಚಿಸಲು ಪುರುಸೊತ್ತಿಲ್ಲ. ಬೌಲಿಂಗಿನಲ್ಲಿ ಹಾಗಲ್ಲ. ಯಾವಾಗ ಓಡಬೇಕು ಎಂಬುದು ತನ್ನ ಕೈಯಲ್ಲೇ ಇದೆ. ಸಿಕ್ಸರ್ ಹೋಯಿತೆನ್ನಿ, ಚೆಂಡು ಜನರ ನಡುವಿನಿಂದ ಬರಬೇಕು, ನಾಯಕ ಬಂದು ಹೆಗಲ ಮೇಲೆ ಕೈಹಾಕಬೇಕು, ಫೀಲ್ಡರು ಬದಲಾಗಬೇಕು. ಅಷ್ಟು ಹೊತ್ತೂ ಮೇಸ್ತ್ರಿಯ ಭಾಷಣ.

ಇನ್ನೊಂದು, ಸಿಗುವ ಅವಕಾಶದ ಆಕಾರ. ಆರಂಭಿಕ ಬ್ಯಾಟ್ಸ್‌ಮನ್ ಹತ್ತು ರನ್ನಿಗೆ ಔಟಾದರೆ ಮುಂದೆ ಒಂಬತ್ತು ಜನ ಇದ್ದಾರೆ, ಯಾರಿಗೂ ನೆನಪಿರುವುದಿಲ್ಲ. ಏಳನೇ ಕ್ರಮಾಂಕದಲ್ಲಿ ಬರುವವನು ಕ್ರೀಸಿಗೆ ಕಾಲಿಡುವುದೇ ಪಂದ್ಯ ಇಕ್ಕಟ್ಟಿಗೆ ಸಿಕ್ಕಾಗ. ಅವನಿಗೆ ಚೆಂಡು ಕೊಡುವುದೂ ಬೇರೆಯವರೆಲ್ಲ ಚಚ್ಚಿಸಿಕೊಂಡ ಮೇಲೆ. ಬಿನ್ನಿ ಭಾರತಕ್ಕೆ ಆಡಿದ್ದು 6 ಟೆಸ್ಟ್, 14 ಏಕದಿನ, 3 ಟಿ-20. ಇಷ್ಟು ಕಡಿಮೆ ಸಿಕ್ಕಾಗ ಪ್ರತಿ ಚೆಂಡೂ ಜಾಕ್‌ಪಾಟೇ.

ಮೂರನೆಯದು ನನ್ನ ಊಹೆ, ಪ್ರಯೋಗದ ಆಧಾರ ಕೇಳಬೇಡಿ. ಆಲ್‌ರೌಂಡರನಿಗೆ ಎರಡು ವಿದ್ಯೆ ಇರುತ್ತವೆ, ಸಾಮಾನ್ಯವಾಗಿ ಒಂದು ಪೂರ್ತಿ ಕೈಪಾಠ, ಇನ್ನೊಂದು ಮುಕ್ಕಾಲು. ಗ್ರೇ ಪ್ರಯೋಗವನ್ನು ನೆನೆಸಿಕೊಳ್ಳಿ: ಹೊಸಬನಿಗೆ ಮೇಸ್ತ್ರಿಯಿಂದ ಅಷ್ಟೇನೂ ತೊಂದರೆಯಿಲ್ಲ, ಪಳಗಿದವನಿಗೆ ಉಪದ್ರವ. ಹಾಗಾದರೆ ಒಬ್ಬನೇ ಆಟಗಾರನಲ್ಲಿ ಒತ್ತಡ ಒಂದು ವಿದ್ಯೆಯನ್ನು ಕೆಡಿಸಿ ಇನ್ನೊಂದನ್ನು ಕೆಡಿಸದೇ ಬಿಡಬಹುದು. 1996ರ ಅಕ್ಟೋಬರ್ 21, ಟೈಟನ್ ಕಪ್, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ. ಆಸ್ಟ್ರೇಲಿಯಾದ 215ರ ಮುಂದೆ ಭಾರತ 164ಕ್ಕೆ 8. ಸಚಿನ್ ತೆಂಡೂಲ್ಕರ್ 88ಕ್ಕೆ ಔಟಾಗಿ ಹೋಗಿದ್ದಾರೆ. ನಿಂತವರು ಇಬ್ಬರು ಬೌಲರುಗಳು, ಮೈಸೂರಿನ ಜಾವಗಲ್ ಶ್ರೀನಾಥ್, ಬೆಂಗಳೂರಿನ ಕುಂಬ್ಳೆ. 52 ರನ್ನು ಸೇರಿಸಿ, ಏಳು ಎಸೆತ ಉಳಿದಿರುವಾಗ ಗೆದ್ದು ಬಂದರು. ಶ್ರೀನಾಥ್ 30, ಕುಂಬ್ಳೆ 16. ಅವರ ಬ್ಯಾಟಿಂಗು ಕೈಪಾಠವಾಗಿರದ ಕಾರಣ ಮರೆತುಹೋಗಲು ಅಲ್ಲೇನೂ ಇರಲಿಲ್ಲವೋ? ಅಥವಾ ಅಂದು ಅವರಿಬ್ಬರೂ ಸುಮ್ಮನೆ ಚೆನ್ನಾಗಿ ಆಡಿದರೋ? ಒಂದು ಪಂದ್ಯದಿಂದ ಹೇಳಲಾಗದು. ನಾನು ಮಾತ್ರ ಆ ರಾತ್ರಿಯನ್ನು ಮರೆತಿಲ್ಲ.

ಆರು ರನ್ನಿನ ಲೆಕ್ಕ

ಒಂದು ಪಂದ್ಯದಿಂದ ಹೇಳಲಾಗದು ಅನ್ನುವ ಮಾತನ್ನು ಸ್ವಲ್ಪ ಎಳೆಯೋಣ. ಹುಣಸೂರು ರಸ್ತೆ ಮೈಸೂರು ಸೇರುವಲ್ಲಿ ಮಾನಸಗಂಗೋತ್ರಿ ಇದೆ, ಅಲ್ಲಿ ಗಂಗೋತ್ರಿ ಗ್ಲೇಡ್ಸ್ ಮೈದಾನ. 2010ರ ಜನವರಿಯಲ್ಲಿ ಅಲ್ಲಿ ಕರ್ನಾಟಕ ಮತ್ತು ಮುಂಬೈ ನಡುವೆ ರಣಜಿ ಫೈನಲ್. ನಮ್ಮ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಹೋದವರಿದ್ದಾರೆ. ಗೆಲ್ಲಲು 338 ಬೇಕು. 46ಕ್ಕೆ 3 ಬಿದ್ದ ಮೇಲೆ ಮನೀಶ್ ಪಾಂಡೆ, ಗಣೇಶ್ ಸತೀಶ್ 209 ರನ್ನು ಸೇರಿಸಿದರು. 255ಕ್ಕೆ 3. ಇನ್ನು 83 ರನ್ನು, ಏಳು ವಿಕೆಟ್ ಕೈಯಲ್ಲಿ. ಪಾಂಡೆ 144, ಸತೀಶ್ 75. ಅಲ್ಲಿಂದ ಕುಸಿದು 331ಕ್ಕೆ ಆಲೌಟ್. ಆರು ರನ್ನಿನ ಸೋಲು.

ಹದಿನೈದು ವರ್ಷದ ಮೇಲೂ ಆ ಕೊನೆಯ ವಿಕೆಟ್‌ಗಳ ಪೋಸ್ಟ್‌ಮಾರ್ಟಮ್ ನಮ್ಮೂರ ಟೀ ಅಂಗಡಿಯಲ್ಲಿ ನಡೆಯುತ್ತದೆ. ಮೊದಲ ಇನ್ನಿಂಗ್ಸಿನಲ್ಲಿ ಕರ್ನಾಟಕ 130ಕ್ಕೆ ಮುಗಿದದ್ದು ಯಾರ ಬಾಯಲ್ಲೂ ಇಲ್ಲ. ಅಂಕಗಣಿತಕ್ಕೆ ಮೊದಲ ದಿನದ ಆರು ರನ್ನೂ ಒಂದೇ, ನಾಲ್ಕನೇ ದಿನದ ಆರು ರನ್ನೂ ಒಂದೇ. ನೆನಪಿಗೆ ಹಾಗಲ್ಲ. ಅದು ಬಾಲದ ತುದಿಯನ್ನು ಮಾತ್ರ ಹಿಡಿದುಕೊಳ್ಳುತ್ತದೆ. ಬಾಲದ ತುದಿಯಲ್ಲಿ ಸದಾ ಸಿಗುವವನು ಆಲ್‌ರೌಂಡರ್.

ಲಾಡರ್‌ಹಿಲ್ಲಿಗೆ ಇದೇ ಕನ್ನಡಕ ಹಾಕಿಕೊಂಡು ಹೋಗಿ. ಬಿನ್ನಿ ಆ ಓವರ್ ಎಸೆದದ್ದು ಇನ್ನಿಂಗ್ಸಿನ ನಡುವೆ. ಆಗ ಅದು ಬಿಗುವಿನ ಪಂದ್ಯವೇ ಆಗಿರಲಿಲ್ಲ. ಮೂರು ಗಂಟೆ ಬಿಟ್ಟು ಒಂದು ರನ್ನಿನಲ್ಲಿ ಮುಗಿದದ್ದರಿಂದ ಹಿಂದಕ್ಕೆ ಹೋಗಿ ನಾವದನ್ನು ಒತ್ತಡದ ಓವರ್ ಮಾಡಿದೆವು. ಲೂಯಿಸ್ ಅಂದು 49 ಎಸೆತದಲ್ಲಿ ಸರಿಯಾಗಿ 100 ಹೊಡೆದಿದ್ದರು, ಅಂದರೆ ಬಿನ್ನಿಯೊಬ್ಬರೇ ಸಿಕ್ಕಿದ್ದಲ್ಲ. ಕೊನೆಯ ಎಸೆತಕ್ಕೆ ಎರಡು ರನ್ನು ಬೇಕಿದ್ದಾಗ ಡ್ವೇನ್ ಬ್ರಾವೊ ಬೌಲಿಂಗಿನಲ್ಲಿ ಕ್ಯಾಚಿತ್ತು ಔಟಾದವರು ಮಹೇಂದ್ರ ಸಿಂಗ್ ಧೋನಿ, ತಣ್ಣನೆ ತಲೆಗೆ ಹೆಸರಾದವರು. ಅವರಿಗೆ ಎದೆ ಇಲ್ಲವೆಂದು ಯಾರೂ ಅನ್ನಲಿಲ್ಲ, ಅನ್ನಬೇಕಾಗಿಯೂ ಇರಲಿಲ್ಲ. ಬಿನ್ನಿಯ ಕೈಪಾಠ ಅಂದು ಕೈಕೊಟ್ಟಿತೋ, ಅಥವಾ ಬ್ಯಾಟಿನ ನಡುಮಧ್ಯಕ್ಕೆ ಐದು ಸಲ ಚೆಂಡು ಸಿಕ್ಕಿತೋ ಎಂಬುದನ್ನು ಹೊರಗಿನಿಂದ ನೋಡಿದ ಯಾರೂ ಬಿಡಿಸಿ ಹೇಳಲಾರರು. ಒಂದು ಓವರಿನಿಂದ ಮನುಷ್ಯನ ಸ್ವಭಾವ ಓದುವುದು ಒಂದು ಮಳೆಯಿಂದ ಮುಂಗಾರು ಅಳೆದ ಹಾಗೆ.

ಮದುವೆಯ ವರದಿ

ಮೇಸ್ತ್ರಿಯನ್ನು ಓಡಿಸುವುದು ಹೇಗೆ? ಗಾಲ್ಫ್ ಕಲಿಯುವವರ ಮೇಲೆ ಶಿಯಾನ್ ಬೈಲಾಕ್ ಮತ್ತು ಥಾಮಸ್ ಕಾರ್ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಭ್ಯಾಸದ ಹೊತ್ತಿನಲ್ಲೇ ಕ್ಯಾಮೆರಾ ಮುಂದೆ ಆಡಿದವರು ಮುಂದೆ ಒತ್ತಡ ಬಿದ್ದಾಗ ಕೆಡಲಿಲ್ಲ. ಮೇಸ್ತ್ರಿಯ ಕಾಟ ಅವರಿಗೆ ಅಭ್ಯಾಸವಾಗಿಹೋಗಿತ್ತು. ಪಳಗಿದವರಿಗೆ "ಬೇಗ ಹೊಡಿ" ಎಂದರೆ ನಿಧಾನಕ್ಕಿಂತ ಚೆನ್ನಾಗಿ ಹೊಡೆಯುತ್ತಾರೆ ಎಂದು ಬೈಲಾಕ್ ತಂಡದ ಇನ್ನೊಂದು ಪ್ರಯೋಗ ತೋರಿಸಿತು. "ಟೈಮ್ ತಗೊಳ್ಳೋ, ಯೋಚ್ನೆ ಮಾಡಿ ಹಾಕು" ಅನ್ನುವ ನಾಯಕ ಒಳ್ಳೆಯ ಮನಸ್ಸಿನಿಂದಲೇ ವಿಷ ಕುಡಿಸುತ್ತಿರುತ್ತಾನೆ. ಇನ್ನು ಮೇಸ್ತ್ರಿಗೆ ಬೇರೆ ಕೆಲಸ ಕೊಡುವ ದಾರಿಯೂ ಇದೆ. ಅದು ದೊಡ್ಡವ್ವನ ದಾರಿ.

ನಮ್ಮ ಟೀಮಿನಲ್ಲಿ ನಾನು ಹನ್ನೊಂದನೆಯವನು, ಹೆಚ್ಚಾಗಿ ಸ್ಕೋರ್ ಬರೆಯುವವನು. ಒಂದು ವರ್ಷ ಸೆಮಿಫೈನಲ್ಲಿನ ಕೊನೆಯ ಓವರು, ಎದುರಾಳಿಗೆ 9 ಬೇಕು, ನಮ್ಮ ಆಲ್‌ರೌಂಡರ್ ಹುಡುಗನ ಮೊದಲ ಎರಡು ಎಸೆತ ವೈಡು. ಕೀಪರ್ ಗ್ಲೌಸು ಬಿಚ್ಚುತ್ತ ಅವನ ಹತ್ತಿರ ನಡೆದ. ಫೀಲ್ಡಿಂಗಿನ ವಿಷಯವೆಂದು ನಾವೆಲ್ಲ ಅಂದುಕೊಂಡೆವು. ಅವನು ಕೇಳಿದ್ದು ಇಷ್ಟು: "ಮಧ್ಯಾಹ್ನಕ್ಕೆ ಏನ್ ಮಾಡ್ಸವ್ರೆ?"

"ಬಾಡು ಅಂತೆ. ಮುದ್ದೆ ಸಾಲಾಕಿಲ್ಲ ಅಂತಿದ್ರು."

"ಎಷ್ಟ್ ಮುದ್ದೆ ಹೊಡೀತೀಯ?"

"ಮೂರು" ಎಂದು ಹುಡುಗ ನಗುತ್ತಲೇ ತಿರುಗಿ ಓಡಿಬಂದ. ಮುಂದಿನ ಚೆಂಡು ಬ್ಯಾಟಿನ ಬುಡಕ್ಕೇ ಬಿದ್ದ ಯಾರ್ಕರ್. ಅದರ ಮುಂದಿನದೂ ಅಷ್ಟೇ. ಮೂರನೆಯದು ಇನ್ನೂ ಚೆನ್ನಾಗಿತ್ತು. ಬ್ಯಾಟಿನ ಅಂಚಿಗೆ ತಾಗಿ, ಅದೇ ಕೀಪರನ ಕಾಲ ಸಂದಿಯಲ್ಲಿ ನುಸುಳಿ ನಾಲ್ಕು ಹೋಯಿತು. ಕೊನೆಗೆ ನಾವು ಸೋತೆವು. ಮುದ್ದೆ ಸಾಕಾಯಿತು.